ಆ ದೂತ ಯಾರು, ಸರ್?

1999ರ ಮಾತು. ನಾನು ವಿಜ್ಞಾನ ಶಿಕ್ಷಕನಾಗಿ ಯಮಕನಮರಡಿಗೆ ಬಂದು ಆಗಿನ್ನೂ ಎರಡು ವರ್ಷ. ಬಿ.ಎಸ್‌ಸಿ., ಬಿ.ಇಡಿ. ಪದವಿಗಳ ಬಿಸಿ ಆರಿರಲಿಲ್ಲ. ಯಾವ ಪ್ರಶ್ನೆಗಾದರೂ ಒಂದೇ ಒಂದು ಉತ್ತರ ಇರುತ್ತದೆ, ಇಲ್ಲದಿದ್ದರೆ ಅದು ಪ್ರಶ್ನೆಯೇ ಅಲ್ಲ ಎಂದು ನಂಬಿದ್ದ ವಯಸ್ಸು.

ಒಂದು ಮಧ್ಯಾಹ್ನ ಒಂಬತ್ತನೆಯ ತರಗತಿಯವರ ಕೈಗೆ ವರ್ನಿಯರ್ ಕ್ಯಾಲಿಪರ್ಸ್ ಕೊಟ್ಟು ಗೋಲಿಗುಂಡಿನ ವ್ಯಾಸ ಅಳೆಯಿಸಿದ್ದೆ. ಗದ್ದಲ ಮುಗಿದು ಎಲ್ಲರೂ ಹೋದ ಮೇಲೆ ಉಪಕರಣಗಳನ್ನು ಕಪಾಟಿನಲ್ಲಿಡುತ್ತಿದ್ದೆ. ಒಬ್ಬ ಹುಡುಗ ಮಾತ್ರ ಬಾಗಿಲ ಹತ್ತಿರ ನಿಂತೇ ಇದ್ದ.

“ಸರ್, ಒಂದ ಮಾತ ಕೇಳಲ್ರಿ?”

“ಕೇಳಪಾ.”

“ಬೈಬಲ್ದಾಗ ಯೆಹೋವನ ದೂತ ಅಂತ ಬರ್ತಾನ್ರಿ. ಆ ದೂತ ಯಾರು, ಸರ್? ದೇವರೋ, ದೇವರ ಆಳೋ?”

ನನಗೆ ನಗು ಬಂತು. “ಅದು ಪರೀಕ್ಷಾಕ್ಕ ಬರೂದಿಲ್ಲಪಾ. ಮೊದಲ ನಿನ್ನ ಗಣಿತ ನೋಡ್ಕೋ” ಎಂದೆ. ಹುಡುಗ ತಲೆಯಾಡಿಸಿ ಹೋದ. ಆಮೇಲೆ ಎರಡು ತಿಂಗಳು ಅವನು ತರಗತಿಯಲ್ಲಿ ನನ್ನ ಕಡೆ ಕಣ್ಣೆತ್ತಿ ನೋಡಲಿಲ್ಲ. ಅದನ್ನೂ ನಾನು ಗಮನಿಸಿರಲಿಲ್ಲ ಎಂಬುದೇ ಹೆಚ್ಚು ನಾಚಿಕೆಯ ಸಂಗತಿ.

ಅರ್ಧವಾರ್ಷಿಕ ಪರೀಕ್ಷೆಯ ಅಂಕಗಳು ಬಂದಾಗ ಕಣ್ಣು ತೆರೆಯಿತು. ಮೊದಲ ಐದು ಜನರಲ್ಲಿ ಇರುತ್ತಿದ್ದ ಹುಡುಗ ಮೂರು ವಿಷಯಗಳಲ್ಲಿ ನಪಾಸಾಗಿದ್ದ. ಪಾಲಕರನ್ನು ಕರೆದುಕೊಂಡು ಬಾ ಎಂದೆ. ತಾಯಿಯೊಬ್ಬರೇ ಬಂದರು. ಬಂದವರು ಸೆರಗಿನ ತುದಿ ಹಿಡಿದುಕೊಂಡು ಬಹಳ ಹೊತ್ತು ಸುಮ್ಮನೆ ಕುಳಿತರು. ಆಮೇಲೆ, “ನಮ್ಮ ಮನ್ಯಾಗ ಎರಡ ಒಲಿ ಆಗ್ಯಾವ್ರಿ ಸರ್” ಎಂದರು.

ಅದು ಹಳೆಯ ಕ್ರೈಸ್ತ ಮನೆತನ. ನಮ್ಮ ಭಾಗದಲ್ಲಿ ಆ ಚರಿತ್ರೆಗೆ ಎರಡು ನೂರು ವರ್ಷ ದಾಟಿದೆ. 1820ರಲ್ಲಿ ಲಂಡನ್ ಮಿಷನ್ನಿನ ಜೋಸೆಫ್ ಟೇಲರ್ ಬಳ್ಳಾರಿಯಿಂದ ಬೆಳಗಾವಿಗೆ ಬಂದು ನೆಲೆ ನಿಂತರು. ಅವರಿಗಿಂತ ಹತ್ತು ವರ್ಷ ಮೊದಲೇ ಬಳ್ಳಾರಿಗೆ ಬಂದಿದ್ದ ಜಾನ್ ಹ್ಯಾಂಡ್ಸ್ ಬೈಬಲನ್ನು ಕನ್ನಡಕ್ಕೆ ತರುವ ಕೆಲಸ ಹಿಡಿದಿದ್ದರು. 1830ರ ದಶಕದ ಆರಂಭದ ಹೊತ್ತಿಗೆ ಇಡೀ ಗ್ರಂಥ ಕನ್ನಡದಲ್ಲಿ ಓದಲು ಸಿಕ್ಕಿತು. ಮುಂದೆ ಹಲವು ಸಲ ತಿದ್ದುಪಡಿಯಾಯಿತು. ಈ ಹುಡುಗನ ಅಜ್ಜನಿಗೆ ಅಂಥದೇ ಒಂದು ಕನ್ನಡ ಬೈಬಲ್ ಅವರ ತಂದೆಯಿಂದ ಬಂದಿತ್ತು. ಅಜ್ಜ ರೈಲ್ವೆಯಲ್ಲಿ ಪೋರ್ಟರ್ ಆಗಿ ಪಾಶ್ಚಾಪುರ ಮೊದಲಾದ ಸಣ್ಣ ಸಣ್ಣ ಸ್ಟೇಶನ್ನುಗಳಲ್ಲಿ ದುಡಿದು ನಿವೃತ್ತರಾದವರು. ತಂದೆ ಸಕ್ಕರೆ ಕಾರ್ಖಾನೆಯ ನೌಕರ. ಅವರು ಎರಡು ವರ್ಷಗಳಿಂದ ಹೊಸದೊಂದು ಪ್ರಾರ್ಥನಾ ಕೂಟಕ್ಕೆ ಹೋಗತೊಡಗಿದ್ದರು. ಅಲ್ಲಿ ಓದುತ್ತಿದ್ದುದು ಇಂಗ್ಲಿಷ್ ಬೈಬಲ್.

ಒಂದು ಸಂಜೆ ಮನೆಯ ಪ್ರಾರ್ಥನೆಯಲ್ಲಿ ಆದಿಕಾಂಡದ ಹಾಗರಳ ಕಥೆ ಓದಿದರಂತೆ. ಒಡತಿಯ ಕಾಟ ತಾಳದೆ ಅಡವಿಗೆ ಓಡಿಹೋದ ಬಸುರಿ ದಾಸಿ ಅವಳು. ನೀರಿನ ಒರತೆಯ ಬಳಿ ಯೆಹೋವನ ದೂತ ಅವಳಿಗೆ ಕಾಣಿಸುತ್ತಾನೆ. ಆ ದೂತ ಬೇರೆ ಯಾರೂ ಅಲ್ಲ, ಹುಟ್ಟಿ ಬರುವುದಕ್ಕೆ ಮುಂಚಿನ ಕ್ರಿಸ್ತನೇ ಎಂದರು ತಂದೆ. ದೂತ ಅಂದರೆ ದೂತ, ಕಳಿಸಿದವನ ಸೇವಕ ಎಂದರು ಅಜ್ಜ. ಮಾತಿಗೆ ಮಾತು ಬೆಳೆಯಿತು. “ನೀವು ಕ್ರಿಸ್ತನ್ನ ಆಳ ಮಾಡೀರಿ” ಎಂದು ಮಗ, “ನೀ ದೇವರನ್ನ ಎರಡ ಮಾಡಿದಿ” ಎಂದು ಅಪ್ಪ. ಆ ರಾತ್ರಿ ಅಜ್ಜ ಉಣ್ಣಲಿಲ್ಲ. ವಾರ ಕಳೆಯುವುದರೊಳಗೆ ಹಿತ್ತಲಿನ ಕೋಣೆಯಲ್ಲಿ ಸ್ಟೋವ್ ಹಚ್ಚಿಕೊಂಡರು.

ಇಷ್ಟು ಹೇಳಿ ತಾಯಿ ಎದ್ದು ನಿಂತರು. “ಹುಡುಗ ನಿಮ್ಮನ್ನ ಕೇಳ್ತೀನಿ ಅಂದಿದ್ದ. ನಮ್ಮ ಸರ್ ಪುರಾವೆ ನೋಡಿ ಹೇಳ್ತಾರ ಅಂದಿದ್ದ.”

ಆ ಶನಿವಾರವೇ ನಾನು ಬೆಳಗಾವಿಗೆ ಹೋದೆ. ನನ್ನ ಜೊತೆ ಬಿ.ಇಡಿ. ಓದಿದ ಮಿತ್ರನೊಬ್ಬ ಶಿಕ್ಷಕನ ಕೆಲಸ ಬಿಟ್ಟು ಸಭಾಪಾಲಕನಾಗಿದ್ದ. ಅವನ ಮನೆಯಲ್ಲಿ ಎರಡು ದಿನ ಇದ್ದು, ಅವನ ಕಪಾಟಿನ ಪುಸ್ತಕಗಳನ್ನು ಅವನ ನೆರವಿನಿಂದಲೇ ಓದಿದೆ. ಪರೀಕ್ಷೆಗೆ ಬರುವುದಿಲ್ಲ ಎಂದು ನಾನು ಎರಡು ಕ್ಷಣದಲ್ಲಿ ತಳ್ಳಿದ್ದ ಪ್ರಶ್ನೆಯನ್ನು ದೊಡ್ಡ ದೊಡ್ಡ ಮೇಧಾವಿಗಳು ಹದಿನೆಂಟು ನೂರು ವರ್ಷಗಳಿಂದ ಕೈಬಿಟ್ಟಿಲ್ಲ ಎಂಬುದು ಆಗ ತಿಳಿಯಿತು.

ತೊಡಕು ಇರುವುದು ಮೂಲ ಬರವಣಿಗೆಯಲ್ಲೇ. ಹಾಗರಳ ಮುಂದೆ ನಿಂತವನು ದೂತ ಎಂದು ಮೊದಲು ಹೇಳಿದೆ. ಆದರೆ ಅವನು ಮಾತಾಡುವಾಗ, ನಿನ್ನ ಸಂತತಿಯನ್ನು ನಾನು ಹೆಚ್ಚಿಸುವೆನು ಎಂದು ತಾನೇ ದೇವರೆಂಬಂತೆ ನುಡಿಯುತ್ತಾನೆ. ಕೊನೆಗೆ ಹಾಗರಳು ತನ್ನೊಡನೆ ಮಾತಾಡಿದ ಯೆಹೋವನಿಗೆ ಹೆಸರಿಟ್ಟಳು ಎಂದಿದೆ. ವಿಮೋಚನಕಾಂಡದಲ್ಲಿ ಉರಿಯುವ ಪೊದೆಯೊಳಗೆ ಮೋಶೆಗೆ ಕಾಣಿಸಿಕೊಂಡವನು ದೂತ. ಎರಡೇ ವಚನ ದಾಟಿದರೆ ಪೊದೆಯೊಳಗಿಂದ ಕೂಗಿದವನು ದೇವರು. ಸರಿ, ಹಾಗಾದರೆ ದೂತನೇ ದೇವರು ಎಂದುಬಿಡೋಣ ಎಂದರೆ ಜೆಕರ್ಯನ ಗ್ರಂಥ ಅಡ್ಡ ಬರುತ್ತದೆ. ಅಲ್ಲಿ ಅದೇ ಯೆಹೋವನ ದೂತ ಯೆಹೋವನನ್ನು ಉದ್ದೇಶಿಸಿ, ಯೆರೂಸಲೇಮಿನ ಮೇಲೆ ಇನ್ನೆಷ್ಟು ದಿನ ಕರುಣೆ ತೋರದೆ ಇರುವೆ ಎಂದು ಮೊರೆಯಿಡುತ್ತಾನೆ. ತನಗೆ ತಾನೇ ಮೊರೆಯಿಡುವುದು ಹೇಗೆ?

ಇದಕ್ಕೆ 2ನೆಯ ಶತಮಾನದಲ್ಲೇ ಜಸ್ಟಿನ್ ಎಂಬ ಕ್ರೈಸ್ತ ಪಂಡಿತ ಉತ್ತರ ಕೊಟ್ಟಿದ್ದ. ಎಲ್ಲಕ್ಕೂ ಮೇಲಿರುವ ತಂದೆ ಭೂಮಿಯ ಯಾವುದೋ ಮೂಲೆಯಲ್ಲಿ ಬಂದು ಕಾಣಿಸಿಕೊಳ್ಳಲಾರ. ಕಾಣಿಸಿಕೊಂಡವನು ಮಗನೇ, ತಂದೆಯ ಇಚ್ಛೆಯನ್ನು ತಿಳಿಸುವುದರಿಂದ ಅವನಿಗೆ ದೂತನೆಂಬ ಹೆಸರು ಎಂಬುದು ಅವನ ವಾದ. ಟ್ರೈಫೋ ಎಂಬ ಯೆಹೂದಿಯೊಡನೆ ನಡೆದ ಸಂವಾದದ ರೂಪದಲ್ಲಿ ಅವನದನ್ನು ಬರೆದಿಟ್ಟಿದ್ದಾನೆ. ಮೆಚ್ಚಬೇಕಾದ ವಿಷಯವೆಂದರೆ, ಎದುರಾಳಿಯ ಮಾತನ್ನೂ ಅವನು ಬಿಡದೆ ಬರೆದಿದ್ದಾನೆ: ಪೊದೆಯಲ್ಲಿ ಇಬ್ಬರಿದ್ದರು, ಕಂಡವನು ದೂತ, ಮಾತಾಡಿದವನು ದೇವರು ಎನ್ನುತ್ತಾನೆ ಟ್ರೈಫೋ.

ಜಸ್ಟಿನ್ನನ ಉತ್ತರ ಬಹುಕಾಲ ನಡೆಯಿತು. ಆದರೆ 4ನೆಯ ಶತಮಾನದಲ್ಲಿ ಮಗನು ತಂದೆಗೆ ಸಮಾನನೇ ಅಲ್ಲವೇ ಎಂಬ ದೊಡ್ಡ ಜಗಳ ಎದ್ದಾಗ ಅದೇ ಉತ್ತರ ತಿರುಗುಬಾಣವಾಯಿತು. ನೋಡಿ, ತಂದೆ ಕಾಣುವುದಿಲ್ಲ, ಮಗ ಕಾಣುತ್ತಾನೆ, ಆದ್ದರಿಂದ ಮಗ ಕಡಿಮೆ ಎಂದು ಸಮಾನನಲ್ಲ ಎನ್ನುವವರು ಹಿಡಿದುಕೊಂಡರು. ಆಗ ಉತ್ತರ ಆಫ್ರಿಕದ ಹಿಪ್ಪೋ ಪಟ್ಟಣದ ಬಿಷಪ್ ಅಗಸ್ಟೀನ್ ಇನ್ನೊಂದು ದಾರಿ ಹುಡುಕಿದ. ಕಾಣಿಸಿಕೊಂಡವರು ದೇವರು ಸೃಷ್ಟಿಸಿದ ದೂತರೇ. ಕಳಿಸಿದವನ ಮಾತನ್ನು ಕಳಿಸಿದವನ ಹೆಸರಿನಲ್ಲಿ ಆಡುತ್ತಾರೆ, ಅಷ್ಟೆ. ನ್ಯಾಯಾಧೀಶನ ತೀರ್ಪನ್ನು ಕೂಗಿ ಹೇಳುವವನು ಬೇರೆಯವನಾದರೂ ದಾಖಲೆಯಲ್ಲಿ ನ್ಯಾಯಾಧೀಶ ಹೇಳಿದನೆಂದೇ ಬರೆಯುತ್ತಾರಲ್ಲ ಎಂದು ಅವನು ಕೇಳುತ್ತಾನೆ. ಅಂದರೆ ಮಗನ ಗೌರವ ಕಾಪಾಡಲೆಂದೇ ಒಬ್ಬ ದೂತನನ್ನು ಮಗನೆಂದ, ಇನ್ನೊಬ್ಬ ಮಗನಲ್ಲವೆಂದ. ಯಮಕನಮರಡಿಯ ಎರಡು ಒಲೆಗಳ ಮುಂದೆ ಕುಳಿತವರೂ ಇದೇ ಇಬ್ಬರು ಎನಿಸಿತು ನನಗೆ.

16ನೆಯ ಶತಮಾನದಲ್ಲಿ ಕ್ಯಾಲ್ವಿನ್ ಮತ್ತೆ ಜಸ್ಟಿನ್ನನ ಕಡೆಗೆ ವಾಲಿದ. ಈ ದೂತ ಮೀಕಾಯೇಲನೆಂದೂ ಮೀಕಾಯೇಲನೇ ಕ್ರಿಸ್ತನೆಂದೂ ಹೇಳುವವರಿದ್ದಾರೆ. ಮೊದಲು ದೇವರೇ ಇದ್ದ ಕಥೆಗಳಲ್ಲಿ, ದೇವರು ನೇರವಾಗಿ ಕಂಡನೆನ್ನಲು ಅಂಜಿ ಮುಂದಿನವರು ದೂತ ಎಂಬ ಮಾತು ಸೇರಿಸಿದರೆಂದು ಊಹಿಸುವ ವಿದ್ವಾಂಸರೂ ಇದ್ದಾರೆ. ಅವೆಲ್ಲ ಇಲ್ಲಿ ಬೇಡ.

ಓದುತ್ತಾ ನನಗೆ ನಮ್ಮ ಕಥೆಗಳೂ ನೆನಪಾದವು. ಗೋಕಾಕ ಸೀಮೆಯ ಕುಲಗೋಡ ತಮ್ಮಣ್ಣ ಆಡಿ ಬೆಳೆಸಿದ ಶ್ರೀಕೃಷ್ಣ ಪಾರಿಜಾತವನ್ನು ರಾತ್ರಿಯೆಲ್ಲ ಕುಳಿತು ನೋಡಿದವ ನಾನು; ಕೃಷ್ಣನಿಗೂ ಸತ್ಯಭಾಮೆಗೂ ನಡುವೆ ಓಡಾಡುವ ದೂತಿಯನ್ನು ಯಾರೂ ಕೃಷ್ಣನೆಂದು ತಿಳಿಯುವುದಿಲ್ಲ. ಲಂಕೆಗೆ ಹೋದ ಹನುಮಂತ ರಾಮನ ಉಂಗುರ ತೋರಿಸಿ ತಾನು ಬರೀ ದೂತನೆಂದ. ಆದರೆ ಪಾಂಡವರ ಪರವಾಗಿ ಹಸ್ತಿನಾವತಿಗೆ ಸಂಧಾನಕ್ಕೆ ಹೋದ ಕೃಷ್ಣ? ಅವನನ್ನು ದೂತನೆಂದು ತಿಳಿದು ಕಟ್ಟಿಹಾಕಲು ಹೋದ ದುರ್ಯೋಧನನಿಗೆ ಕಂಡದ್ದು ವಿಶ್ವರೂಪ. ಹೋಲಿಕೆ ಪೂರ್ತಿ ಕೂಡಿಬರುವುದಿಲ್ಲ, ಕೃಷ್ಣನನ್ನು ಕಳಿಸಿದವರು ಮನುಷ್ಯರು. ಆದರೂ ದೂತ ಎಂಬ ಒಂದೇ ಮಾತಿನೊಳಗೆ ಹನುಮಂತನೂ ಹಿಡಿಸುತ್ತಾನೆ, ಕೃಷ್ಣನೂ ಹಿಡಿಸುತ್ತಾನೆ.

ಇನ್ನೊಂದು ವಿಷಯ ನನಗೆ ವರ್ನಿಯರ್ ಕ್ಯಾಲಿಪರ್ಸಿನ ಪಾಠವನ್ನೇ ನೆನಪಿಸಿತು. ಇಂಗ್ಲಿಷ್ ಓದುವವರು ‘ದಿ ಏಂಜೆಲ್’ ಎಂದಿದೆ, ‘ಆ್ಯನ್ ಏಂಜೆಲ್’ ಎಂದಿಲ್ಲ, ಆದ್ದರಿಂದ ಇವನು ದೂತರಲ್ಲಿ ಒಬ್ಬನಲ್ಲ, ವಿಶೇಷವಾದ ಆ ಒಬ್ಬನೇ ಎನ್ನುತ್ತಾರೆ. ಕೆಲವು ಇಂಗ್ಲಿಷ್ ಭಾಷಾಂತರಗಳಲ್ಲಿ ಏಂಜೆಲ್ ಪದದ ಮೊದಲಕ್ಷರವನ್ನು ದೊಡ್ಡದಾಗಿಯೇ ಅಚ್ಚು ಹಾಕಿರುತ್ತಾರೆ. ಹೀಬ್ರೂ ಲಿಪಿಯಲ್ಲಿ ದೊಡ್ಡಕ್ಷರ ಸಣ್ಣಕ್ಷರ ಎಂಬ ಭೇದವೇ ಇಲ್ಲ, ನಮ್ಮಲ್ಲೂ ಇಲ್ಲ. ಅಲ್ಲಿಯ ‘ಮಲಾಖ್’ ಎಂಬ ಪದಕ್ಕೆ ಸುದ್ದಿ ಒಯ್ಯುವವನು ಎಂದಷ್ಟೇ ಅರ್ಥ. ಮನುಷ್ಯನಿಗೂ ಸಲ್ಲುತ್ತದೆ, ಪ್ರವಾದಿ ಹಗ್ಗಾಯನಿಗೂ ಯೆಹೋವನ ದೂತನೆಂದೇ ಹೆಸರು. ಹೀಬ್ರೂ ವ್ಯಾಕರಣದ ಪ್ರಕಾರ ದೇವರ ಹೆಸರಿನ ಜೊತೆ ಕೂಡಿದ್ದರಿಂದ ಆ ಪದ ನಿಶ್ಚಿತವಾಗುತ್ತದೆ ಎನ್ನುವವರಿದ್ದಾರೆ. ಅಷ್ಟರಿಂದಲೇ ಅವನೊಬ್ಬನೇ ಎಂದಾಗದು ಎನ್ನುವವರೂ ಇದ್ದಾರೆ. ಲೂಕನ ಸುವಾರ್ತೆಯಲ್ಲಿ ಜಕರೀಯನಿಗೆ ಕಂಡ ಕರ್ತನ ದೂತ ಎಂಟು ವಚನ ಕಳೆದ ಮೇಲೆ ತಾನು ಗಬ್ರಿಯೇಲನೆಂದು ಹೆಸರನ್ನೇ ಹೇಳಿಬಿಡುತ್ತಾನೆ.

ಕನ್ನಡದಲ್ಲಿ ‘ಯೆಹೋವನ ದೂತನು’ ಎಂದರೆ ಒಬ್ಬ ದೂತನೋ, ಆ ದೂತನೋ? ಹುಕ್ಕೇರಿ ಕಚೇರಿಯ ಸಿಪಾಯಿ ಬಂದಿದ್ದ ಎಂದರೆ ಇದ್ದೊಬ್ಬ ಸಿಪಾಯಿಯೋ, ಹತ್ತರಲ್ಲಿ ಒಬ್ಬನೋ? ಹೇಳಿದವನನ್ನೇ ಕೇಳಬೇಕು. ಮಿಲಿಮೀಟರ್ ಗೆರೆಗಳಿರುವ ಸ್ಕೇಲಿನಿಂದ ಮಿಲಿಮೀಟರಿನ ಹತ್ತನೆಯ ಒಂದು ಭಾಗ ಓದಬೇಡಿ ಎಂದು ಮಕ್ಕಳಿಗೆ ಹೇಳುತ್ತೇವಲ್ಲ, ಅದೇ ಲೀಸ್ಟ್ ಕೌಂಟಿನ ಮಾತು. ಅಜ್ಜ ಮತ್ತು ಮಗ ಬೇರೆ ಬೇರೆ ಉಪಕರಣ ಹಿಡಿದು ಒಂದೇ ಗೋಲಿ ಅಳೆಯುತ್ತಿದ್ದರು.

ಮರುವಾರ ರವಿವಾರ ಮಧ್ಯಾಹ್ನ ಅವರ ಮನೆಗೆ ಹೋದೆ. ಹೋಗುವಾಗ ಎದೆ ಹೊಡೆದುಕೊಳ್ಳುತ್ತಿತ್ತು; ಪರಧರ್ಮದವನು, ಮೂವತ್ತು ತುಂಬದ ಹುಡುಗ, ಇವರ ನಡುವೆ ಏನು ಹೇಳಲಿ? “ಬರ್ರಿ ಮಾಸ್ತರ, ಕುಂಡರ್ರಿ” ಎಂದರು ಅಜ್ಜ, ಹಿತ್ತಲ ಕಟ್ಟೆಯ ಮೇಲಿಂದ. ತಂದೆ ಒಳಗಿನಿಂದ ಕುರ್ಚಿ ಕಳಿಸಿದರು, ತಾವು ಹೊಸ್ತಿಲಲ್ಲಿ ನಿಂತರು. ಇಬ್ಬರೂ ನನ್ನೊಡನೆ ಮಾತಾಡಿದರು, ಒಬ್ಬರೊಡನೊಬ್ಬರು ಆಡಲಿಲ್ಲ. ನಡುನಡುವೆ ಹುಡುಗ ಆ ಕಡೆಯ ಮಾತು ಈ ಕಡೆಗೆ ಒಯ್ಯುತ್ತಿದ್ದ. ಒಮ್ಮೆ ಒಳಗಿನಿಂದ ಬಂದವನು ಅಜ್ಜನಿಗೆ, “ನಾಳೆ ನಾ ಸಂಕೇಶ್ವರಕ್ಕ ಹೊಂಟೀನಿ, ಗುಳಿಗಿ ಏನರ ಬೇಕೇನು?” ಎಂದ.

“ನೀ ಹೊಂಟೀಯೋ, ನಿಮ್ಮಪ್ಪ ಹೊಂಟಾನೋ?” ಎಂದರು ಅಜ್ಜ.

“ಅಪ್ಪ ಹೊಂಟಾನ ಅಜ್ಜಾ. ಅಂವ ಅಂದಂಗ ಅಂದೆ.”

ನಾನು ಹುಡುಗನ ಚೀಲದಿಂದ ವಿಜ್ಞಾನದ ರೆಕಾರ್ಡ್ ಪುಸ್ತಕ ತರಿಸಿದೆ. ಒಂದು ಖಾಲಿ ಪುಟದ ನಡುವೆ ಗೆರೆ ಎಳೆಸಿ, ಎಡಕ್ಕೆ ವೀಕ್ಷಣೆ, ಬಲಕ್ಕೆ ತೀರ್ಮಾನ ಎಂದು ಬರೆಸಿದೆ. ಎಡಗಡೆ ಗ್ರಂಥದಲ್ಲಿ ಇದ್ದದ್ದು ಮಾತ್ರ. ನಮಗೆ ಅನಿಸಿದ್ದು ಅಲ್ಲಿ ಬರಕೂಡದು. ಅಬ್ರಹಾಮ ಮಗನನ್ನು ಬಲಿಕೊಡಲು ಕತ್ತಿ ಎತ್ತಿದ ಭಾಗವನ್ನು ತೆಗೆದುಕೊಂಡೆವು. ಅಜ್ಜ ಕನ್ನಡದಲ್ಲಿ ಓದಿದರು, ತಂದೆ ಇಂಗ್ಲಿಷಿನಲ್ಲಿ. ಯೆಹೋವನ ದೂತ ಆಕಾಶದಿಂದ ಎರಡು ಸಲ ಕೂಗುತ್ತಾನೆ. ಮೊದಲನೆಯ ಸಲ, ಮಗನನ್ನು ನನಗೆ ಕೊಡಲು ನೀನು ಹಿಂದೆಗೆಯಲಿಲ್ಲ ಎನ್ನುವಾಗ ‘ಎಂದು ಯೆಹೋವನು ಹೇಳುತ್ತಾನೆ’ ಎಂಬ ಮಾತಿಲ್ಲ. ಎರಡನೆಯ ಸಲ ಆಣೆಯಿಡುವಾಗ ಆ ಮಾತು ಇದೆ. ಒಂದೇ ಕಥೆ, ಒಬ್ಬನೇ ದೂತ, ಒಂದು ಸಲ ‘ಅಂತ’ ಇಲ್ಲ, ಇನ್ನೊಂದು ಸಲ ಇದೆ.

ತಂದೆ ಮೊದಲನೆಯದನ್ನು ಬೆರಳಿಟ್ಟು ತೋರಿಸಿದರು. ಅಜ್ಜ ಎರಡನೆಯದನ್ನು. ಇಬ್ಬರ ಬೆರಳೂ ಒಂದೇ ಪುಟದ ಮೇಲೆ ಇದ್ದವು. ಹುಡುಗ ಎರಡನ್ನೂ ಎಡಗಡೆ ಬರೆದ. ಬರೆದು, ಅಜ್ಜನ ಮುಖವನ್ನೊಮ್ಮೆ ಅಪ್ಪನ ಮುಖವನ್ನೊಮ್ಮೆ ನೋಡಿದ. ಎಡಗಡೆಯ ಹದಿನಾರು ಸಾಲುಗಳಲ್ಲಿ ಒಂದಕ್ಕೂ ಇಬ್ಬರಲ್ಲಿ ಯಾರೂ ತಕರಾರು ಮಾಡಲಿಲ್ಲ.

ಬಲಗಡೆ ಬಂದಾಗ ಜಗಳ ಮತ್ತೆ ಶುರುವಾಯಿತು, ಆದರೆ ಈ ಸಲ ನೇರವಾಗಿ. ಅಜ್ಜ ಮಗನ ಕಡೆ ತಿರುಗಿದರು. “ಅಲ್ಲೋ, ನಾ ಫ್ಲಾಟ್‌ಫಾರ್ಮ್ ಮ್ಯಾಲ ಬಳಿಯಂಥಾದ್ರಾಗ ಟೋಕನ್ ಹಿಡಕೊಂಡ ನಿಂದರ್ತಿದ್ದೆ. ಡ್ರೈವರ್ ಓಡೋ ಗಾಡ್ಯಾಗಿಂದ ಕೈ ಹಾಕಿ ಕಸಕೊಂಡ ಹೋಗ್ತಿದ್ದ. ನನ್ನ ಮುಖಾ ನೋಡ್ತಿದ್ದಿಲ್ಲ. ಟೋಕನ್ ಯಾರ್ದು? ಸ್ಟೇಶನ್ ಮಾಸ್ತರಂದು. ದೂತ ಅಂದ್ರ ಅಷ್ಟ.” ಅಗಸ್ಟೀನನ ನ್ಯಾಯಾಲಯವನ್ನು ಈ ಮುದುಕ ಪಾಶ್ಚಾಪುರ ಸ್ಟೇಶನ್ನಿನಲ್ಲಿ ಕಂಡಿದ್ದರು.

ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಪೋರ್ಟರ್ ಇಲ್ಲದ ದಿನಾ ಯಾರ ಕೊಡ್ತಿದ್ರು?” ಎಂದರು.

ಅಜ್ಜ ಕನ್ನಡಕ ತೆಗೆದು ಒರೆಸಿಕೊಂಡರು. “ಮಾಸ್ತರನ ಬಂದ ಕೊಡ್ತಿದ್ದ” ಎಂದರು.

“ಡ್ರೈವರಗ ಗೊತ್ತಾಗ್ತಿತ್ತೇನು?”

“ಗಾಡಿ ಓಡ್ತಿರ್ತದ. ಯಾವಾಗರ ಗೊತ್ತಾಗ್ತಿತ್ತು, ಯಾವಾಗರ ಇಲ್ಲ.”

ತೀರ್ಮಾನದ ಕಡೆ ಹುಡುಗ ಎರಡು ಬಣ್ಣದ ಶಾಯಿಯಲ್ಲಿ ಎರಡು ಸಾಲು ಬರೆದ. ನನ್ನದೇನು ಎಂದು ತಂದೆ ಕೇಳಿದರು. ಎಲ್ಲ ಕಥೆಗಳ ದೂತನೂ ಒಬ್ಬನೇ ಆಗಿರಲೇಬೇಕೆಂದು ನನಗನಿಸುವುದಿಲ್ಲ, ಹಾಗರಳ ಕಥೆ ನಿಮ್ಮ ಕಡೆ ಎಳೆಯುತ್ತದೆ, ಜೆಕರ್ಯನ ಮಾತು ಅಜ್ಜನ ಕಡೆ ಎಳೆಯುತ್ತದೆ ಎಂದೆ. ಅದು ಇಬ್ಬರಿಗೂ ಸಮಾಧಾನ ತರಲಿಲ್ಲ. ಸೊಸೆ ಚಹಾ ತಂದರು. ಮೂರು ಕಪ್ಪು ಒಂದೇ ತಟ್ಟೆಯಲ್ಲಿ ಬಂದವು. ಹಿತ್ತಲಿನ ಸ್ಟೋವ್ ಮಾತ್ರ ಇನ್ನೂ ಎರಡು ವರ್ಷ ಅಲ್ಲೇ ಇತ್ತು ಎಂದು ಹುಡುಗ ಆಮೇಲೆ ಹೇಳಿದ. ಮಳೆಗಾಲದಲ್ಲಿ ಅಜ್ಜ ಒಳಗೆ ಉಣ್ಣುತ್ತಿದ್ದರಂತೆ, ಬೇಸಿಗೆಯಲ್ಲಿ ಸಿಟ್ಟು ಬಂದರೆ ಹೊರಗೆ. ಹುಡುಗ ವಾರ್ಷಿಕ ಪರೀಕ್ಷೆಯಲ್ಲಿ ಎಲ್ಲ ವಿಷಯಗಳಲ್ಲೂ ಪಾಸಾದ. ಗಣಿತದಲ್ಲಿ ಮಾತ್ರ ಹೇಳಿಕೊಳ್ಳುವಂಥ ಅಂಕಗಳೇನೂ ಇರಲಿಲ್ಲ.

ನ್ಯಾಯಸ್ಥಾಪಕರು ಎಂಬ ಭಾಗದಲ್ಲಿ ಮಾನೋಹನೆಂಬವನ ಕಥೆಯಿದೆ. ಅದನ್ನು ಈಗಲೂ ಕೆಲವು ಸಲ ಮಕ್ಕಳಿಗೆ ಹೇಳುತ್ತೇನೆ, ಧರ್ಮಕ್ಕಾಗಿ ಅಲ್ಲ, ತರ್ಕಕ್ಕಾಗಿ. ಸಂಸೋನ ಹುಟ್ಟುವನೆಂದು ತಿಳಿಸಲು ಬಂದ ದೂತನ ಹೆಸರನ್ನು ಅವನು ಕೇಳುತ್ತಾನೆ. ದೂತ ಹೆಸರು ಹೇಳುವುದಿಲ್ಲ. ಯಜ್ಞದ ಜ್ವಾಲೆಯಲ್ಲಿ ಅವನು ಮೇಲೇರಿ ಹೋದ ಮೇಲೆ ಮಾನೋಹ ಹೆದರುತ್ತಾನೆ: ನಾವು ದೇವರನ್ನೇ ಕಂಡೆವು, ಇನ್ನು ಸಾಯುತ್ತೇವೆ. ಅವನ ಹೆಂಡತಿ ಹೆದರುವುದಿಲ್ಲ. ನಮ್ಮನ್ನು ಕೊಲ್ಲುವ ಮನಸ್ಸಿದ್ದರೆ ನಮ್ಮ ಕಾಣಿಕೆಯನ್ನು ಏಕೆ ಸ್ವೀಕರಿಸುತ್ತಿದ್ದ, ಇದನ್ನೆಲ್ಲ ನಮಗೆ ಏಕೆ ತೋರಿಸುತ್ತಿದ್ದ ಎಂದು ಕೇಳುತ್ತಾಳೆ. ಬಂದವನು ಯಾರೆಂಬುದು ಅವಳಿಗೂ ಗೊತ್ತಿಲ್ಲ. ಗೊತ್ತಿರುವ ಸಂಗತಿಗಳಿಂದ ಎಷ್ಟು ಹೇಳಬಹುದೋ ಅಷ್ಟನ್ನು ಹೇಳುತ್ತಾಳೆ. ಆ ಹೆಂಗಸಿನ ಹೆಸರನ್ನು ಗ್ರಂಥವೂ ಕೊಟ್ಟಿಲ್ಲ.

ಅಜ್ಜ ತೀರಿಕೊಂಡದ್ದು 2006ರ ಜೂನಿನಲ್ಲಿ. ಮಣ್ಣಿಗೆ ಹೋಗಿದ್ದೆ. ಹುಡುಗ ಆಗ ಎತ್ತರಕ್ಕೆ ಬೆಳೆದು, ಮೀಸೆ ಬಂದು, ಹೆಣಕ್ಕೆ ಹೆಗಲು ಕೊಡುವಷ್ಟಾಗಿದ್ದ. ಸಭಾಪಾಲಕರ ಪ್ರಾರ್ಥನೆಯಾದ ಮೇಲೆ ಮಗ ಎರಡು ಮಾತು ಓದಬೇಕೆಂದರು. ತಂದೆ ತಮ್ಮ ಇಂಗ್ಲಿಷ್ ಬೈಬಲನ್ನು ಕಂಕುಳಲ್ಲೇ ಇಟ್ಟುಕೊಂಡು, ಅಜ್ಜನ ಹಳೆಯ ಕನ್ನಡ ಬೈಬಲನ್ನು ತೆರೆದು 34ನೆಯ ಕೀರ್ತನೆ ಓದಿದರು. ಯೆಹೋವನ ದೂತ ಭಕ್ತರ ಸುತ್ತಲೂ ದಂಡಿಳಿಸಿ ಕಾಯುತ್ತಾನೆ ಎಂಬ ಅರ್ಥದ ವಚನ ಅದರಲ್ಲಿದೆ. ಅಲ್ಲಿಗೆ ಬಂದಾಗ ಅವರ ದನಿ ನಿಂತಿತು. ಓದಿದ ಪ್ರತಿ ವ��ನಕ್ಕೂ ವಿವರಣೆ ಕೊಡುವುದು ಅವರ ರೂಢಿ ಎಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು, ಎಲ್ಲರೂ ಕಾದರು. ಅವರು ಮುಂದಿನ ವಚನ ಓದಿ, ಕೀರ್ತನೆ ಮುಗಿಸಿ, ಪುಸ್ತಕ ಮುಚ್ಚಿದರು.

“ಅಪ್ಪ ಇವತ್ತ ಅರ್ಥಾ ಹೇಳಲಿಲ್ಲ ನೋಡ್ರಿ ಸರ್” ಎಂದ ಹುಡುಗ, ನನ್ನ ಕಿವಿಯಲ್ಲಿ.

ಹನಿ ಬೀಳತೊಡಗಿತ್ತು. ಸಾಲು ಮುಂದೆ ಸರಿಯಿತು. ನಾವಿಬ್ಬರೂ ಒಂದೊಂದು ಹಿಡಿ ಮಣ್ಣು ಹಾಕಿ ಈಚೆ ಬಂದೆವು.